ಹೊಟ್ಟೆಯಿಲ್ಲದ ದೋಣಿ

ನಮ್ಮ ಮಾವನಿಗೆ ಹುಚ್ಚು ಇರಲಿಲ್ಲ. ಇದನ್ನು ನಾನು ಯಾವ ದೈವದ ಎದುರು ಬೇಕಾದರೂ ನಿಂತು ಹೇಳುತ್ತೇನೆ. ಹುಚ್ಚಾಗಿದ್ದರೆ ಎಲ್ಲಾದರೂ ತೋರಿಸಿ ಮದ್ದು ಮಾಡಿಸಬಹುದಿತ್ತು. ಅವರಿಗೆ ಇದ್ದದ್ದು ತರ್ಕ! ತರ್ಕಕ್ಕೆ ಮದ್ದು ಕೊಡುವ ಡಾಕ್ಟರು ಆಗಿನ ಮಂಗಳೂರಿನಲ್ಲಿ ಇರಲಿಲ್ಲ, ಈಗಲೂ ಇದ್ದಾರೆಂದು ನನಗೆ ನಂಬಿಕೆಯಿಲ್ಲ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿದ ಮೇಲೆ ನಾನು ಕುದ್ರೋಳಿಯ ಅವರ ಮನೆಯಲ್ಲೇ ಇದ್ದೆ. ಮಾವ, ಅತ್ತೆ, ನಾನು, ಇಷ್ಟೇ ಜನ. ಅವರಿಗೆ ಮಕ್ಕಳಿರಲಿಲ್ಲ. ನಮ್ಮವರಲ್ಲಿ ಅಳಿಯ, ಅಂದರೆ ಸೋದರಿಯ ಮಗ, ಸ್ವಂತ ಮಗನಿಗಿಂತ ಒಂದು ತೂಕ ಹೆಚ್ಚೇ. ಈ ಗೌರವದ ನಿಜವಾದ ಅರ್ಥ ಏನೆಂದರೆ, ಮಾವನ ತಲೆಯಲ್ಲಿ ಏನು ಹುಟ್ಟಿದರೂ ಅದನ್ನು ಹೊರುವ ಹೆಗಲು ಅಳಿಯನದು. ಭಾನುವಾರವನ್ನು ದೇವರು ನೌಕರರಿಗಾಗಿ ಮಾಡಿದ್ದಾನಂತೆ. ನನ್ನ ಭಾನುವಾರಗಳನ್ನು ಮಾತ್ರ ಅವನು ಮಾವನ ಹೆಸರಿಗೆ ಬರೆದುಬಿಟ್ಟಿದ್ದ!

ಮಾವನದು ಗದ್ದೆ, ತೋಟ ಇದ್ದ ಮನೆತನ. ಎಪ್ಪತ್ತರ ದಶಕದಲ್ಲಿ ಭೂಸುಧಾರಣೆಯ ಕಾನೂನು ಬಂದು ಒಕ್ಕಲುಗಳೆಲ್ಲ ಡಿಕ್ಲರೇಶನ್ ಕೊಟ್ಟರು, ಭೂಮಿ ಉಳುವವರ ಪಾಲಾಯಿತು. ಮಾವ ಅಳಲಿಲ್ಲ, ಕೋರ್ಟಿಗೂ ಹೋಗಲಿಲ್ಲ. "ಉತ್ತವನಿಗೆ ಹೋಯಿತು, ಅದರಲ್ಲಿ ತಪ್ಪೆಂತ?" ಅಂದವರೇ ಬಂದರಿನ ಹತ್ತಿರ ತಾವು ನಡೆಸುತ್ತಿದ್ದ ಸಣ್ಣ ಹೋಟೆಲಿನ ಗಲ್ಲದಲ್ಲಿ, ಹಣದ ಪೆಟ್ಟಿಗೆಯ ಹಿಂದೆ, ಎಂದಿನಂತೆ ಕೂತರು. ಆದರೆ ಒಂದು ಮಾತು ಆಗಾಗ ಬರುತ್ತಿತ್ತು. "ಮೊದಲು ನಿನ್ನ ಅತ್ತೆಯ ಬಟ್ಟಲಿಗೆ ಬೀಳುವ ಅನ್ನ ನನ್ನ ಗದ್ದೆಯದ್ದು, ಬದನೆಕಾಯಿ ನನ್ನ ಹಿತ್ತಿಲಿನದ್ದು. ಈಗ ಎಲ್ಲ ಅಂಗಡಿಯದ್ದು. ನಾನು ಕೈಯಾರೆ ತಂದದ್ದು ಅಂತ ಅವಳ ಬಟ್ಟಲಲ್ಲಿ ಎಂತದೂ ಇಲ್ಲ ಮಾರಾಯ."

ನಾನು ಹೂಂಗುಟ್ಟುತ್ತಿದ್ದೆ. ಹೂಂಗುಟ್ಟಿದ್ದೇ ತಪ್ಪಾಯಿತು.

ಎಂಬತ್ತರ ಆಚೀಚೆ ಒಂದು ದಿನ, ಹಡಗಿನಲ್ಲಿ ಕೆಲಸ ಮಾಡುವವನೊಬ್ಬ ಹೋಟೆಲಿಗೆ ಚಹಾಕ್ಕೆ ಬಂದು ಒಂದು ಇಂಗ್ಲಿಷ್ ಪತ್ರಿಕೆಯನ್ನು ಮೇಜಿನ ಮೇಲೆ ಬಿಟ್ಟುಹೋದ. ಅದರಲ್ಲೊಂದು ಬಣ್ಣದ ಚಿತ್ರ. ಬಿಳಿಯನೊಬ್ಬ ದೋಣಿಯ ಮೇಲೆ ಕೂತಿದ್ದಾನೆ. ದೋಣಿಯ ಒಳಗಲ್ಲ, ಮೇಲೆ! ಮಣೆಯ ಮೇಲೆ ಕೂತ ಹಾಗೆ ಕಾಲು ಚಾಚಿ ಕೂತಿದ್ದಾನೆ, ಕೈಯಲ್ಲಿ ಎರಡೂ ತುದಿಗೆ ಹಲಗೆ ಇರುವ ಹುಟ್ಟು, ಪಕ್ಕದಲ್ಲಿ ಗಾಳದ ಕೋಲು, ತೊಡೆಯ ಮೇಲೆ ಒಂದು ದೊಡ್ಡ ಮೀನು. ಅದರ ಹೆಸರು ಕಯಾಕ್ ಅಂತ ಕೆಳಗೆ ಬರೆದಿತ್ತು.

"ಭೂಮಿಗೆ ಡಿಕ್ಲರೇಶನ್ ಉಂಟು. ಕಡಲಿಗೆ ಉಂಟಾ?" ಮಾವ ಕೇಳಿದರು.

"ಇಲ್ಲ."

"ಕಡಲಿಗೆ ಒಕ್ಕಲು ಉಂಟಾ?"

"ಇಲ್ಲ ಮಾವ."

"ಮತ್ತೆ?"

ಮತ್ತೆ ಎಂತ! ಇಂಥದೊಂದು ದೋಣಿ ಮಾಡಿಸುವುದು, ತಾನೊಬ್ಬನೇ ಕಡಲಿಗೆ ಹೋಗುವುದು, ಗಾಳ ಹಾಕಿ ಕಾಣೆ ಮೀನು ಹಿಡಿಯುವುದು, ತಂದು ಅತ್ತೆಯ ಬಟ್ಟಲಿಗೆ ಹಾಕುವುದು. ಅತ್ತೆಗೆ ಕಾಣೆ ಎಂದರೆ ಪ್ರಾಣ. ಅದು ಮಾರ್ಕೆಟಿನಲ್ಲಿ ಬುಟ್ಟಿಗಟ್ಟಲೆ ಸಿಗುತ್ತದೆ ಎಂದೆ. "ಅದು ಮಾರ್ಕೆಟಿನದ್ದು" ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನೀವು ನೋಡಿರಬಹುದು. ನಮ್ಮ ಮಾವ ಮೊಲವನ್ನು ಹಿಡಿಯುವ ಮೊದಲೇ ಕಾಲು ಎಣಿಸುವವರು!

"ಮಾವ, ನಿಮಗೆ ಈಜು ಬರುವುದಿಲ್ಲ!" ನನ್ನ ಕೊನೆಯ ಅಸ್ತ್ರ ಬಿಟ್ಟೆ.

"ಅದಕ್ಕೇ ದೋಣಿ ಬೇಕಾದ್ದು. ಈಜು ಬರುವವನಿಗೆ ದೋಣಿ ಯಾಕೆ?"

ಇದಕ್ಕೆ ಉತ್ತರ ಗೊತ್ತಿದ್ದವರು ದಯವಿಟ್ಟು ನನಗೆ ತಿಳಿಸಬೇಕು.

ಮುಂದಿನ ಭಾನುವಾರ ಫೆರಿಯಲ್ಲಿ ಹೊಳೆ ದಾಟಿ ಆಚೆ ದಡದ ಬೆಂಗ್ರೆಗೆ ಹೋದೆವು. ಅಲ್ಲಿಯ ತಂಡೇಲನೊಬ್ಬ, ಅಂದರೆ ಮೀನಿನ ಬೋಟು ನಡೆಸುವ ಯಜಮಾನ, ಹೋಟೆಲಿಗೆ ಮೀನು ಕೊಡುತ್ತಿದ್ದ. ಮಾವನ ಹಳೇ ದೋಸ್ತಿ. ಅವನು ಮರಳಿನ ಮೇಲೆ ಎಳೆದಿಟ್ಟ ಸಣ್ಣ ಮರದ ದೋಣಿಗಳನ್ನು ಒಂದೊಂದಾಗಿ ತೋರಿಸಿದ. ಮಾವ ಪ್ರತಿಯೊಂದಕ್ಕೂ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ಕೇಳಿ, ತಲೆಯಲ್ಲಾಡಿಸುತ್ತಾ ಮುಂದೆ ಹೋದರು.

"ಧಣಿ, ನೀವು ಬಂದದ್ದು ದೋಣಿಗಾ ಹಲಸಿನಹಣ್ಣಿಗಾ?" ತಂಡೇಲನ ತಾಳ್ಮೆ ತಪ್ಪಿತು.

"ಇದಕ್ಕೆಲ್ಲ ಹೊಟ್ಟೆ ಉಂಟು ಮಾರಾಯ. ಹೊಟ್ಟೆ ಇದ್ದರೆ ನೀರು ತುಂಬುತ್ತದೆ. ನೀರು ತುಂಬಿದರೆ ಮುಳುಗುತ್ತದೆ. ನನಗೆ ಹೊಟ್ಟೆಯೇ ಇಲ್ಲದ ದೋಣಿ ಬೇಕು."

ತಂಡೇಲ ನನ್ನ ಮುಖ ನೋಡಿದ. ನಾನು ಕಡಲಿನ ಮುಖ ನೋಡಿದೆ.

"ಹೊಟ್ಟೆಯಿಲ್ಲದ ದೋಣಿಯಲ್ಲಿ ಕಡಲಿಗೆ ಹೋಗುವವರಿಗೆ ತಲೆಯೂ ಇರುವುದಿಲ್ಲ" ಎಂದು ತಂಡೇಲ ಗೊಣಗಿದ. "ಆಮೇಲೆ ನಿಮ್ಮನ್ನು ಹುಡುಕುವುದಕ್ಕೆ ನನ್ನ ಬೋಟಿಗೆ ಡೀಸೆಲ್ ಹಾಕಿಸುವವರು ಯಾರು?"

"ಅಳಿಯ ಹಾಕಿಸುತ್ತಾನೆ" ಎಂದರು ಮಾವ. ಬ್ಯಾಂಕಿನ ಕೆಲಸ ನನಗೆ ಯಾಕೆ ಸಿಕ್ಕಿತೋ ಎಂದು ಆ ದಿನ ಮೊದಲ ಬಾರಿಗೆ ಬೇಸರವಾಯಿತು.

ಮರದವರು ಆಗದು ಎಂದ ಮೇಲೆ ಫೈಬರಿನವರು. ಕೂಳೂರು ಸೇತುವೆಯ ಹತ್ತಿರ ಒಬ್ಬ ಫೈಬರಿನಲ್ಲಿ ನೀರಿನ ಟ್ಯಾಂಕಿ ಮಾಡುತ್ತಿದ್ದ. ಮಾವ ಪತ್ರಿಕೆಯ ಚಿತ್ರವನ್ನು ಅವನ ಎದುರು ಹರಡಿದರು.

"ನಾನು ನೀರು ತುಂಬಿಸುವ ಟ್ಯಾಂಕಿ ಮಾಡುವವ ಮಾರ್ರೆ. ಇದೆಲ್ಲ ನನಗೆ ಗೊತ್ತಿಲ್ಲ."

"ನೀನು ಮಾಡುವ ಟ್ಯಾಂಕಿಯಿಂದ ನೀರು ಹೊರಗೆ ಬರುವುದಿಲ್ಲ ಅಲ್ಲವಾ? ನನಗೆ ನೀರು ಒಳಗೆ ಹೋಗದ ಟ್ಯಾಂಕಿ ಬೇಕು. ಕೆಲಸ ಒಂದೇ, ಸ್ವಲ್ಪ ತಿರುಗಿಸಿ ಮಾಡು!"

ಅವನು ಮಾಡಿಯೇಬಿಟ್ಟ! ಹಿಂದೆ ಮುಂದೆ ಚೂಪು, ನಡುವಿನಲ್ಲಿ ಕೂರುವುದಕ್ಕೆ ಒಂದು ತಗ್ಗು, ಬಿದ್ದ ನೀರು ಹರಿದುಹೋಗಲು ಮೇಲಿಂದ ಕೆಳಗೆ ತೂತು. ಮಳೆಗಾಲಕ್ಕೆ ಸ್ವಲ್ಪ ಮೊದಲು ಅದನ್ನು ಕೈಗಾಡಿಯ ಮೇಲೆ ಹೇರಿ ತಂದೆವು. ಕುದ್ರೋಳಿಯ ಜನ ಅಂಗಡಿಗಳಿಂದ ಹೊರಗೆ ಬಂದು ನೋಡಿದರು. "ಯಾರು ತೀರಿಕೊಂಡದ್ದು?" ಎಂದು ಒಬ್ಬರು ನನ್ನ ಹತ್ತಿರ ಮೆಲ್ಲಗೆ ಕೇಳಿದರು.

ಅತ್ತೆ ಕೇಳಿದ್ದು ಮೆಲ್ಲಗಲ್ಲ.

"ಇದು ಎಂತ?"

"ದೋಣಿ."

"ಯಾರಿಗೆ?"

"ನನಗೆ. ನಿನಗೆ ಕಾಣೆ ತರುವುದಕ್ಕೆ."

ಅತ್ತೆ ಸೀದಾ ಒಳಗೆ ಹೋದರು. ಕೈಕಾಲು ತೊಳೆದು, ತಮ್ಮ ತವರುಮನೆಯ ದೈವವನ್ನು ನೆನೆದು, ಹೊರಗೆ ಬಂದು ಘೋಷಿಸಿದರು. "ಇವರು ಈ ಕಡಲಿನ ಹುಚ್ಚು ಬಿಡುವ ತನಕ ನಾನು ಮೀನು ಬಾಯಿಗೆ ಇಡುವುದಿಲ್ಲ. ಹರಕೆ ಹೇಳಿದ್ದೇನೆ. ನನಗೆ ಮಕ್ಕಳಿಲ್ಲ, ಇರುವುದು ಇವರೊಬ್ಬರು. ಇವರನ್ನು ಕಡಲಿಗೆ ಕೊಟ್ಟು ನಾನು ಕಾಣೆ ತಿನ್ನಬೇಕಾ?"

ಮಂಗಳೂರಿನವರಲ್ಲದವರಿಗೆ ಈ ಹರಕೆಯ ಗಾತ್ರ ತಿಳಿಯದು. ನಮ್ಮಲ್ಲಿ ಒಬ್ಬರು ಮೀನು ಬಿಟ್ಟರೆಂದರೆ ಮನೆಯಲ್ಲಿ ಏನೋ ದೊಡ್ಡದು ನಡೆದಿದೆ ಎಂದೇ ಲೆಕ್ಕ. ಈಗ ಪರಿಸ್ಥಿತಿ ನೋಡಿ: ಅತ್ತೆಗೆ ಮೀನು ತಿನ್ನಿಸುವುದಕ್ಕಾಗಿ ಮಾವ ಕಡಲಿಗೆ ಹೋಗಬೇಕು. ಮಾವ ಕಡಲಿಗೆ ಹೋಗುವುದಾದರೆ ಅತ್ತೆ ಮೀನು ತಿನ್ನುವುದಿಲ್ಲ! ಇದನ್ನು ಬಿಡಿಸಲು ಯಾವ ವಕೀಲನಿಂದ ಸಾಧ್ಯ?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಆ ಕೂಸು ನಾನು. ಅತ್ತೆ ನಮ್ಮಿಬ್ಬರಿಗೆ ದಿನಾ ಮೀನು ಬೇಯಿಸುತ್ತಿದ್ದರು, ಆದರೆ ರುಚಿ ನೋಡುತ್ತಿರಲಿಲ್ಲ. ಅವರ ಕೈ ಎಂಥದು ಎಂದರೆ ಎಲ್ಲ ಅಂದಾಜು, ಕೊನೆಗೆ ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕಿ ನೋಡಿದರೇ ಅದಕ್ಕೆ ರುಚಿ ಕೂಡುವುದು. ಆ ಹನಿ ನಿಂತುಹೋಯಿತು. ಒಂದು ದಿನ ಬಂಗುಡೆ ಮೀನಿನ ಮಂದ ಸಾರಿಗೆ, ನಮ್ಮ ಗಸಿಗೆ, ಉಪ್ಪೇ ಇಲ್ಲ, ಮರುದಿನ ಕಡಲಿನ ನೀರನ್ನೇ ಕಾಯಿಸಿ ಬಡಿಸಿದ ಹಾಗೆ!

"ಉಪ್ಪು ಹೇಗುಂಟು?" ಅತ್ತೆ ದಿನಾ ಕೇಳುವರು.

"ಸರಿ ಉಂಟು" ಎಂದು ಮಾವ ದಿನಾ ಹೇಳುವರು. ತಪ್ಪಿಯೂ ಒಂದು ದಿನ ಮುಖ ಕಿವುಚಲಿಲ್ಲ. ನಾನು ಚೆಂಬುಗಟ್ಟಲೆ ನೀರು ಕುಡಿದು ಬ್ಯಾಂಕಿಗೆ ಹೋಗುತ್ತಿದ್ದೆ.

ಇಷ್ಟಾದರೂ ಮಾವ ಹಿಂದೆ ಸರಿದರೇ? ಮಳೆಗಾಲವಿಡೀ ದೋಣಿ ಜಗಲಿಯಲ್ಲಿ, ಮಾವ ದೋಣಿಯ ಮೇಲೆ! ಈಗ ಅದನ್ನು ಸಜ್ಜುಗೊಳಿಸುವ ಪರ್ವ. ಮೊದಲು ಆಸನ. "ಗಾಳ ಹಾಕುವುದು ಅಂದರೆ ಎಂತ? ಕೂರುವುದು. ಇಡೀ ಜೀವಮಾನ ಗಲ್ಲದಲ್ಲಿ ಕೂತವನಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ" ಎಂದು ಹೋಟೆಲಿನ ಗಲ್ಲದ ಬೆತ್ತದ ಕುರ್ಚಿಯನ್ನೇ ತರಿಸಿ, ನಾಲ್ಕೂ ಕಾಲು ಕತ್ತರಿಸಿ ದೋಣಿಗೆ ಬಿಗಿದರು. ಪಾಪ, ಮಾವನ ಬದಲು ಗಲ್ಲ ನೋಡಿಕೊಳ್ಳುತ್ತಿದ್ದ ಮ್ಯಾನೇಜರು ಚಹಾಪುಡಿಯ ಡಬ್ಬದ ಮೇಲೆ ಕೂತು ಚಿಲ್ಲರೆ ಕೊಡುವ ಸ್ಥಿತಿ ಬಂತು.

ಗಾಳದ ಕೋಲು ಸಿಕ್ಕಿಸುವುದಕ್ಕೆ ಪೈಪಿನ ತುಂಡು ಬಂತು. ಮೀನು ಹಾಕಲು ಥರ್ಮೋಕೋಲಿನ ಪೆಟ್ಟಿಗೆ ಬಂತು. ಎಲೆಯಡಿಕೆಯ ಪೆಟ್ಟಿಗೆಗೆ ಪ್ರತ್ಯೇಕ ಜಾಗ ಆಯಿತು, ಕೊಡೆಗೆ ಒಂದು ಕೊಕ್ಕೆ. "ಕಡಲಿನಲ್ಲಿ ಕೊಡೆ ಯಾಕೆ ಮಾವ?" ಎಂದರೆ, "ಕಡಲಿನಲ್ಲಿ ಮರ ಉಂಟಾ?" ಎಂದರು. ಬಡಗಿ ಮಾಡಿಕೊಟ್ಟ ಎರಡು ತುದಿಯ ಹುಟ್ಟನ್ನು ಅಲ್ಲೇ ಕೂತು ಬೀಸಿ ಅಭ್ಯಾಸ ಮಾಡುವಾಗ, ಗೋಡೆಯ ಮೇಲಿದ್ದ ನಮ್ಮ ಅಜ್ಜನ ಪಟ ಗಾಜು ಸಮೇತ ಕೆಳಗೆ ಬಿತ್ತು. ಜಮೀನು ಹೋದಾಗಲೂ ಅಲುಗಾಡದ ಅಜ್ಜ!

ಒಂದು ಬೆಳಿಗ್ಗೆ ಅಡುಗೆಮನೆಯಿಂದ ಅತ್ತೆಯ ಕೂಗು. ಮಸಾಲೆ ಕಡೆಯಲು ಹೋದರೆ ಕಡೆಯುವ ಕಲ್ಲು ಇದೆ, ಅದರ ಗುಂಡು ಇಲ್ಲ! ಜಗಲಿಗೆ ಬಂದು ನೋಡಿದರೆ ಗುಂಡಿಗೆ ನೈಲಾನ್ ಹಗ್ಗ ಕಟ್ಟಿಯಾಗಿದೆ.

"ಲಂಗರು ಬೇಕಲ್ಲ" ಎಂದರು ಮಾವ, ತಗ್ಗಿದ ಸ್ವರದಲ್ಲಿ.

"ಲಂಗರು ಬೇಕಾದರೆ ನನ್ನನ್ನೇ ಕಟ್ಟಿಕೊಂಡು ಹೋಗಿ!"

"ಅಷ್ಟು ಭಾರ ಈ ದೋಣಿ ತಡೆಯಲಿಕ್ಕಿಲ್ಲ" ಎಂದು ಮಾವ ಪ್ರಾಮಾಣಿಕವಾಗಿ ಹೇಳಿದರು. ಆ ದಿನ ನಮಗೆ ಮಧ್ಯಾಹ್ನ ಗಂಜಿ, ರಾತ್ರಿಯೂ ಗಂಜಿ. ತಪ್ಪು ಯಾರದು, ಗಂಜಿ ಯಾರಿಗೆ!

ಇದೇ ಸಮಯದಲ್ಲಿ ಒಂದು ಹೆಣ್ಣಿನ ಕಡೆಯವರು ನನ್ನನ್ನು ನೋಡಲು ಬಂದರು. ಮಾವನನ್ನು ಜಗಲಿಯಿಂದ ಎಬ್ಬಿಸಲು ನಾನು ಕೈಮುಗಿದೆ. "ಮನೆಗೆ ಬಂದವರ ಎದುರು ಅಡಗುವುದಕ್ಕೆ ನಾನೆಂತ ಕಳ್ಳನಾ?" ಎಂದು ಅಲ್ಲೇ ಕೂತರು. ಹೆಣ್ಣಿನ ಅಪ್ಪನಿಗೆ ದೋಣಿಯ ತುದಿಯಲ್ಲೇ ಜಾಗ ಮಾಡಿಕೊಟ್ಟು, ಹೊಟ್ಟೆ ಇದ್ದರೆ ಆಗುವ ಅಪಾಯಗಳನ್ನು ವಿವರಿಸಿದರು. ಆ ಮನುಷ್ಯನಿಗೋ ಒಳ್ಳೆಯ ಡೊಳ್ಳುಹೊಟ್ಟೆ! ಆಮೇಲೆ ದಲ್ಲಾಳಿಯ ಮೂಲಕ ಉತ್ತರ ಬಂತು. "ಹುಡುಗ ಅಡ್ಡಿಯಿಲ್ಲ. ಆದರೆ ಆ ಮನೆಯಲ್ಲಿ ಒಬ್ಬರು ನೆಲದ ಮೇಲೆ ದೋಣಿ ಬಿಡುತ್ತಾರೆ."

ಮಳೆ ನಿಂತಿತು. ಕೂಳೂರಿನ ಹೊಳೆಯಲ್ಲಿ ಮೊದಲ ಪರೀಕ್ಷೆ. ನಾನು, ತಂಡೇಲ, ಟ್ಯಾಂಕಿಯವ, ಎಲ್ಲ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದೆವು. ಮಾವ ಪಂಚೆ ಎತ್ತಿಕಟ್ಟಿ ದೋಣಿ ಏರಿ, ಬೆತ್ತದ ಕುರ್ಚಿಯಲ್ಲಿ ಕೂತು, "ಬಿಡಿ!" ಎಂದರು. ಬಿಟ್ಟೆವು. ದೋಣಿ ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ ವಾಲಿತು, ಆಮೇಲೆ ಮಾವನನ್ನು ನೀರಿಗೆ ಸುರಿದು ಹಗುರವಾಗಿ ತೇಲುತ್ತಾ ನಿಂತಿತು. ಈ ದೋಣಿ ಮುಳುಗುವುದಿಲ್ಲ ಎಂದು ಮಾವ ಹೇಳಿದ್ದು ಅಕ್ಷರಶಃ ನಿಜ. ಮುಳುಗಿದ್ದು ಮಾವ!

ತಂಡೇಲ ಪಂಚೆ ಹಿಡಿದು ಎಳೆದ. ಪಂಚೆ ಬಂತು, ಮಾವ ಬರಲಿಲ್ಲ. ಎರಡನೆಯ ಸಲ ರಟ್ಟೆ ಹಿಡಿದು ಎತ್ತಿದ. ಕೆಮ್ಮಿ, ನೀರು ಉಗುಳಿ, ಮಾವ ಆಡಿದ ಮೊದಲ ಮಾತು ಇದು: "ದೋಣಿಯಲ್ಲಿ ದೋಷ ಇಲ್ಲ. ಕುರ್ಚಿ ಎತ್ತರ ಆಯಿತು."

ಕುರ್ಚಿ ಹೋಯಿತು, ಅಡುಗೆಮನೆಯ ಊಟದ ಮಣೆ ಬಂತು. ಜೊತೆಗೆ ಈಜು ಕಲಿಯುವುದೆಂದು ತೀರ್ಮಾನವಾಯಿತು. ನಮ್ಮ ಕಡೆಯ ಮಕ್ಕಳು ಈಜು ಕಲಿಯುವ ಕ್ರಮ ನಿಮಗೆ ಗೊತ್ತಿರಬಹುದು. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿ ಮಾಡಿ, ನಡುವಿನ ಹಗ್ಗ ಹೊಟ್ಟೆಯ ಅಡಿಗೆ ಬರುವ ಹಾಗೆ ಕಟ್ಟಿಕೊಂಡು ನೀರಿಗೆ ಬೀಳುವುದು. ತಲೆ ನರೆತ ಮಾವ ಹಾಗೆ ಕಟ್ಟಿಕೊಂಡು, ಎರಡು ರೆಕ್ಕೆ ಬಂದವರಂತೆ ಹೊಳೆಯಲ್ಲಿ ಕೈಕಾಲು ಬಡಿಯುತ್ತಿದ್ದರೆ, ಸೇತುವೆಯ ಮೇಲೆ ಬಸ್ಸುಗಳು ನಿಧಾನ ಮಾಡುತ್ತಿದ್ದವು. ಕಿಟಕಿಯಿಂದ ಯಾರಾದರೂ ನನ್ನ ಗುರುತು ಹಿಡಿದಾರೆಂದು ನಾನು ಟವೆಲಿನಿಂದ ಮುಖ ಮುಚ್ಚಿಕೊಂಡು ನಿಲ್ಲುತ್ತಿದ್ದೆ.

ಒಂದು ವಿಷಯ ಮಾತ್ರ ನಾನು ಗಮನಿಸಿದೆ. ಆ ಕಾಯಿಗಳನ್ನು ಆರಿಸಿಕೊಟ್ಟದ್ದು ಅತ್ತೆ. ಅಟ್ಟದಿಂದ ಒಂದು ರಾಶಿ ಇಳಿಸಿ, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಪೂರ್ತಿ ಆರಿದ ಎರಡನ್ನು ತೆಗೆದು, ತಾವೇ ಹುರಿಹಗ್ಗ ಬಿಗಿದು ಜಗಲಿಗೆ ಎಸೆದು ಒಳಗೆ ಹೋದರು.

ನವರಾತ್ರಿ ಬಂತು. ದೋಣಿಗೆ ಬಣ್ಣ ಆಗಬೇಕು. "ಹಳದಿ ಬೇಕು. ದಡದಿಂದ ಎಷ್ಟು ದೂರಕ್ಕೂ ಕಾಣಬೇಕು" ಎಂದರು ಮಾವ. ಆ ದಿನಗಳಲ್ಲಿ ನಮ್ಮ ಊರಿನಲ್ಲಿ ಬಣ್ಣ ಹಾಕುವವನು ಯಾರು ಬಿಡುವಾಗಿರುತ್ತಾನೆ? ಎಲ್ಲರೂ ಹುಲಿವೇಷದವರ ಮೈಗೆ ಬಣ್ಣ ಹಚ್ಚುವುದರಲ್ಲಿ ಮುಳುಗಿರುತ್ತಾರೆ. ಮಾವ ಅಂಥವನೊಬ್ಬನನ್ನೇ ಕಾಡಿಬೇಡಿ ಕರೆತಂದು, ದೋಣಿ ತೋರಿಸಿ, "ಹಳದಿ" ಎಂದಷ್ಟೇ ಹೇಳಿ ಹೋಟೆಲಿಗೆ ಹೋದರು. ಸಂಜೆ ಬಂದು ನೋಡಿದರೆ ಜಗಲಿಯಲ್ಲಿ ಹುಲಿ ಮಲಗಿದೆ! ಹಳದಿ ಮೈ, ಕಪ್ಪು ಪಟ್ಟೆ, ಹಿಂದೆ ಬಾಲ, ಮುಂದೆ ಎರಡು ಕೆಂಪು ಕಣ್ಣು.

"ಹಳದಿ ಹಾಕಿದ ಮೇಲೆ ಕೈ ನಿಲ್ಲಲಿಲ್ಲ ಧಣಿ" ಎಂದ ಬಣ್ಣದವ. "ಬರೀ ಹಳದಿ ಬಿಟ್ಟರೆ ಅರ್ಧ ಹುಲಿ ಆಗ್ತದೆ. ಅದು ಒಳ್ಳೆಯದಲ್ಲ."

ಅತ್ತೆ ಹೊರಗೆ ಬಂದು ನೋಡಿ, ಬಾಯಿಗೆ ಸೆರಗು ಇಟ್ಟುಕೊಂಡು ಒಳಗೆ ಓಡಿದರು. ಅತ್ತರೋ ನಕ್ಕರೋ ತಿಳಿಯಲಿಲ್ಲ.

ದೀಪಾವಳಿ ಕಳೆದು ಕಡಲು ಶಾಂತವಾದ ಮೇಲೆ ಒಂದು ಭಾನುವಾರ ಮುಹೂರ್ತ. ಬೆಂಗ್ರೆಯ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು. ಹುಲಿಯನ್ನು ಹೊಳೆ ದಾಟಿಸಿ, ಮರಳಿನ ಮೇಲೆ ಹೊತ್ತು ಕಡಲಿನ ಬದಿಗೆ ತಂದೆವು. ಊರಿನ ಮಕ್ಕಳು ಡಬ್ಬ ಬಡಿದು ಹುಲಿ ಕುಣಿತ ಸುರು ಮಾಡಿದರು. ತಂಡೇಲ ತೆಂಗಿನಕಾಯಿ ಒಡೆದು, ಕಡಲಿಗೆ ಹಾಲೆರೆದು, "ಈ ಧಣಿಗೆ ಬುದ್ಧಿ ಕೊಡು, ಬುದ್ಧಿ ಕೊಡದಿದ್ದರೆ ಗಾಳಿಯನ್ನಾದರೂ ಕೊಡಬೇಡ ತಾಯಿ" ಎಂದು ಬೇಡಿಕೊಂಡ. ಆಗ ನನಗೆ ನೆನಪಾಯಿತು.

"ಮಾವ, ನಿಮ್ಮ ಕಾಯಿಗಳು?"

"ಮನೆಯಲ್ಲಿ ಬಿಟ್ಟೆ. ಇಷ್ಟು ಜನರ ಎದುರು ಕಾಯಿ ಕಟ್ಟಿಕೊಂಡು ಹೋಗುವುದಾ? ನನಗೆಂತ ಮಾನ ಇಲ್ಲವಾ?"

ಹುಲಿಯ ಮೇಲೆ ಊಟದ ಮಣೆ ಹಾಕಿ, ಕೊಡೆ ಸಿಕ್ಕಿಸಿ ಕೂತ ಮನುಷ್ಯ ಇದನ್ನು ಹೇಳಿದ್ದು! ನಾನು ಬಾಯಿ ತೆರೆಯುವ ಮೊದಲೇ ತಂಡೇಲನ ಜನ ದೋಣಿಯನ್ನು ಅಲೆ ದಾಟಿಸಿ ಬಿಟ್ಟಾಗಿತ್ತು. ತಂಡೇಲ ತನ್ನ ಸಣ್ಣ ದೋಣಿಯಲ್ಲಿ ಸ್ವಲ್ಪ ಹಿಂದೆ ಹೋದ. ಮಾವ ಹುಟ್ಟು ಹಾಕುತ್ತಾ ಹಾಕುತ್ತಾ ದೂರವಾದರು. ಕೊನೆಗೆ ಒಂದು ಹಳದಿ ಚುಕ್ಕೆ ಮಾತ್ರ ಉಳಿಯಿತು.

ನಾನು ಮರಳಿನಲ್ಲಿ ಕೂತು ಆ ಚುಕ್ಕೆಯನ್ನು ಕಾಯುತ್ತಿದ್ದೆ. ಹಿಂದಿನಿಂದ ಯಾರೋ ಏದುಸಿರು ಬಿಡುವುದು ಕೇಳಿಸಿತು. ತಿರುಗಿ ನೋಡಿದರೆ ಅತ್ತೆ! ನೀರೆಂದರೆ ನಡುಗುವವರು, ಇಷ್ಟು ವರ್ಷ ಕುದ್ರೋಳಿಯಲ್ಲಿದ್ದೂ ಒಮ್ಮೆಯೂ ಫೆರಿ ಹತ್ತದವರು, ಒಬ್ಬರೇ ಹೊಳೆ ದಾಟಿ ಬಂದಿದ್ದಾರೆ. ಹೆಗಲಲ್ಲಿ ಆ ಎರಡು ಕಾಯಿ.

"ಎಲ್ಲಿದ್ದಾರೆ?"

ತೋರಿಸಿದೆ. ಅತ್ತೆ ನೇರವಾಗಿ ನೀರಿಗೆ ನಡೆದರು. ಮೊಣಕಾಲಿನವರೆಗೆ ಸೀರೆ ನೆನೆಯಿತು. "ಅತ್ತೇ, ಸಾಕು, ನಿಲ್ಲಿ!" ಎಂದು ಓಡಿ ಹೋಗಿ ಕೈ ಹಿಡಿದೆ.

"ನನಗೆ ಹೆದರಿಕೆ ಆಗ್ತದೆ ಮಗಾ" ಎಂದರು, ಆ ಚುಕ್ಕೆಯಿಂದ ಕಣ್ಣು ತೆಗೆಯದೆ. "ಇವರಿಗೆ ಎಂತಾದರೂ ಆದರೆ ನಾನು ಇನ್ನು ಯಾರ ಹತ್ತಿರ ಜಗಳ ಆಡುವುದು?"

ನನಗೆ ಇಷ್ಟು ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಅವರ ಕೈ ಬಿಡದೆ ನಾನೂ ನೀರಿನಲ್ಲೇ ನಿಂತೆ. ಎಷ್ಟು ಹೊತ್ತು ಹಾಗೆ ನಿಂತೆವೋ ಗೊತ್ತಿಲ್ಲ. ಚುಕ್ಕೆ ಮೆಲ್ಲಗೆ ದೊಡ್ಡದಾಯಿತು, ಪಟ್ಟೆ ಕಂಡಿತು, ಕೊಡೆ ಕಂಡಿತು. ಅಲೆ ಹುಲಿಯನ್ನು ತಂದು ಮರಳಿಗೆ ಹಾಕಿತು. ಮಾವ ಇಳಿದು, ಥರ್ಮೋಕೋಲ್ ಪೆಟ್ಟಿಗೆಯಿಂದ ಗೇಣುದ್ದವೂ ಇಲ್ಲದ ಒಂದೇ ಒಂದು ಕಾಣೆ ತೆಗೆದು ಎರಡೂ ಕೈಯಲ್ಲಿ ಹಿಡಿದು ನಿಂತರು. ಅತ್ತೆ ಮೀನನ್ನು ನೋಡಲೇ ಇಲ್ಲ. ಹೋಗಿ ಮಾವನ ಸೊಂಟಕ್ಕೆ ಆ ಕಾಯಿಗಳನ್ನು ಬಿಗಿದು ಕಟ್ಟತೊಡಗಿದರು.

"ಈಗ ಯಾಕೆ? ದಡ ಮುಟ್ಟಿದೆನಲ್ಲ!"

"ಸುಮ್ಮನೆ ನಿಲ್ಲಿ!"

ಮಾವ ಸುಮ್ಮನೆ ನಿಂತರು. ಫೆರಿಯಲ್ಲಿ, ರಸ್ತೆಯಲ್ಲಿ, ಕುದ್ರೋಳಿಯ ಅಂಗಡಿಗಳ ಎದುರಿನಲ್ಲಿ, ಸೊಂಟದ ಎರಡೂ ಬದಿ ಕಾಯಿ ತೂಗಾಡಿಸಿಕೊಂಡು, ಕೈಯಲ್ಲಿ ಮೀನು ಹಿಡಿದುಕೊಂಡು ಮನೆಯವರೆಗೂ ನಡೆದರು. ಮಾನದ ಮಾತು ಎತ್ತಲಿಲ್ಲ.

ಬಾವಿಕಟ್ಟೆಯಲ್ಲಿ ಕಾಲಿಗೆ ನೀರು ಹಾಕಿಕೊಳ್ಳುವಾಗ ನನ್ನನ್ನು ಹತ್ತಿರ ಕರೆದರು. "ಇನ್ನೂ ಸ್ವಲ್ಪ ಮುಂದೆ ಹೋಗುವ ಅಂತ ಇತ್ತು ಅಳಿಯಾ. ಒಮ್ಮೆ ತಿರುಗಿ ನೋಡಿದೆ. ದಡದಲ್ಲಿ ಅವಳು ನಿಂತದ್ದು ಕಂಡಿತು. ನಾನು ದೂರದಿಂದ ಕಾಣಬೇಕು ಅಂತ ಅಷ್ಟೆಲ್ಲ ಬಣ್ಣ ಹಾಕಿಸಿದೆ. ದೂರದಿಂದ ಅವಳು ಎಷ್ಟು ಸಣ್ಣ ಕಾಣ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ ಮಾರಾಯ." ಚೆಂಬನ್ನು ಕೆಳಗಿಟ್ಟರು. "ಇನ್ನು ಅವಳ ಮುಖ ಕಾಣುವಷ್ಟೇ ದೂರ. ಅದರಿಂದ ಆಚೆ ಇಲ್ಲ."

ಅಡುಗೆಮನೆಯಲ್ಲಿ ಗಸಿ ಕುದಿಯುತ್ತಿತ್ತು. ಇಷ್ಟು ದೊಡ್ಡ ಮಡಕೆಯಲ್ಲಿ ಒಂದೇ ಒಂದು ಕಾಣೆ. ನಾವಿಬ್ಬರೂ ಬಾಗಿಲಲ್ಲಿ ನಿಂತೆವು.

"ಹರಕೆ ಉಂಟಲ್ಲ ನಿನ್ನದು" ಎಂದರು ಮಾವ, ಹೆದರಿ ಹೆದರಿ.

"ತಪ್ಪುಕಾಣಿಕೆ ಹಾಕ್ತೇನೆ. ದೈವಕ್ಕೂ ಕಣ್ಣುಂಟು, ನಿಮ್ಮನ್ನು ನೋಡಿದ ಮೇಲೆ ಅದಕ್ಕೂ ಅರ್ಥ ಆಗಿರುತ್ತದೆ."

ಅತ್ತೆ ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟರು. ನೆಕ್ಕಿದರು. ಕಣ್ಣುಮುಚ್ಚಿ ಚಪ್ಪರಿಸಿದರು.

"ಉಪ್ಪು ಕಮ್ಮಿ ಉಂಟು" ಎಂದು, ಒಂದು ಚಿಟಿಕೆ ಹಾಕಿದರು.

ದಿನಾ "ಸರಿ ಉಂಟು" ಎನ್ನುತ್ತಿದ್ದ ಮಾವ ಆ ದಿನ ಬಾಗಿಲ ಹತ್ತಿರ ನಿಂತು, ಸೊಂಟದ ಕಾಯಿ ಬಿಚ್ಚುವುದನ್ನೂ ಮರೆತು, ಪಂಚೆಯ ತುದಿ ಎತ್ತಿ ಕಣ್ಣು ಒರೆಸಿಕೊಂಡರು.